ಕೊಳ್ಳುವ ಮುನ್ನ ಹೆಬ್ಬಾಳದ ದಾರಿ

ಬೆಳಗಿನ ಒಂಬತ್ತು ಗಂಟೆಯ ವೇಳೆಗೆ ಯಲಹಂಕದಿಂದ ನಗರದ ಕಡೆಗೆ ಹೊರಟು, ಜಕ್ಕೂರು ಬ್ಯಾಟರಾಯನಪುರಗಳನ್ನು ದಾಟಿ, ಕೊಡಿಗೇಹಳ್ಳಿ ಗೇಟಿನಿಂದ ಹೆಬ್ಬಾಳದ ಮೇಲ್ಸೇತುವೆಯವರೆಗಿನ ಹಾದಿಯನ್ನು ಇಂಚಿಂಚಾಗಿ ಸವೆಸಿದ ಅನುಭವ ಯಾರಿಗುಂಟೋ ಅವರಿಗೆ, ಕಾರಿನ ಗುಣದೋಷಗಳನ್ನು ಪರೀಕ್ಷಿಸುವುದಕ್ಕೆ ಬೇರೆ ಸ್ಥಳವನ್ನು ಹುಡುಕಬೇಕಾಗಿಲ್ಲ. ಸಹಕಾರನಗರದಲ್ಲಿ ನೆಲೆಸಿರುವ ನನ್ನ ಸ್ನೇಹಿತರೊಬ್ಬರು ಮೂವತ್ತು ವರ್ಷಗಳ ದುಡಿಮೆಯ ತರುವಾಯ ನಿವೃತ್ತರಾಗಿ, ಜೀವಮಾನದಲ್ಲಿ ಒಮ್ಮೆಯಾದರೂ ಉತ್ತಮವಾದ ಕಾರೊಂದನ್ನು ಕೊಳ್ಳಬೇಕು, ಅದು ಗಾತ್ರದಲ್ಲಿ ಅಡಕವಾಗಿಯೂ ಸೌಕರ್ಯದಲ್ಲಿ ಸಮೃದ್ಧವಾಗಿಯೂ ಪೆಟ್ರೋಲಿನ ವಿಷಯದಲ್ಲಿ ಮಿತವ್ಯಯಿಯಾಗಿಯೂ ಇರಬೇಕು ಎಂದು ಸಂಕಲ್ಪಿಸಿದಾಗ, ಅವರ ಜೊತೆಯಲ್ಲಿ ಶೋರೂಮಿಗೆ ಹೋಗಿ ಬರುವ ಅವಕಾಶ ನನಗೆ ಒದಗಿತು.

ಅಲ್ಲಿದ್ದ ತರುಣ ವಿನಯವಂತ. "ಏರ್‌ಪೋರ್ಟ್ ರೋಡಿಗೆ ಹೋಗೋಣ ಸಾರ್, ಪಿಕಪ್ ಗೊತ್ತಾಗುತ್ತೆ" ಎಂದ. ನನ್ನ ಸ್ನೇಹಿತರು ಒಪ್ಪಲಿಲ್ಲ. "ಏರ್‌ಪೋರ್ಟಿಗೆ ನಾನು ವರ್ಷಕ್ಕೆ ಎರಡು ಸಲ ಹೋಗ್ತೀನಪ್ಪ. ದಿನಾ ಓಡಾಡೋದು ಹೆಬ್ಬಾಳದಲ್ಲಿ. ನಾಳೆ ಒಂಬತ್ತಕ್ಕೆ ಗಾಡಿ ಅಲ್ಲಿಗೆ ತಗೊಂಡು ಬಾ" ಎಂದರು. ಈ ಮಾತಿನಲ್ಲಿ ಇಡೀ ವಿಷಯದ ತಿರುಳು ಅಡಗಿದೆಯೆಂದು ನನಗೆ ಆಗಲೇ ತೋರಿತು.

ಸ್ನೇಹಿತರ ಕಣ್ಣು ಬಿದ್ದಿದ್ದುದು ಹೈಬ್ರಿಡ್ ಕಾರಿನ ಮೇಲೆ. ಇಂತಹ ಕಾರಿನಲ್ಲಿ ಪೆಟ್ರೋಲ್ ಇಂಜಿನ್ನಿನ ಜೊತೆಗೆ ವಿದ್ಯುತ್ ಮೋಟಾರೂ ಒಂದು ಬ್ಯಾಟರಿಯೂ ಇರುತ್ತವೆ. ಸಾಧಾರಣ ಕಾರಿನಲ್ಲಿ ನಾವು ಬ್ರೇಕು ಒತ್ತಿದಾಗಲೆಲ್ಲ, ಬೆಲೆ ತೆತ್ತು ಗಳಿಸಿದ ವೇಗವು ಚಕ್ರದ ಬಳಿ ಬಿಸಿಯಾಗಿ ಗಾಳಿಯಲ್ಲಿ ಕರಗಿಹೋಗುತ್ತದೆ. ಇಲ್ಲಿಯಾದರೋ ಅದೇ ಚಲನಶಕ್ತಿ ಮೋಟಾರನ್ನು ತಿರುಗಿಸಿ, ಅದನ್ನು ತತ್ಕಾಲಕ್ಕೆ ಡೈನಮೋ ಆಗಿ ಪರಿವರ್ತಿಸಿ, ವಿದ್ಯುತ್ತಾಗಿ ಬ್ಯಾಟರಿಯನ್ನು ಸೇರಿ, ಮುಂದಿನ ಸಲ ಹೊರಡುವಾಗ ಮರಳಿ ನಮ್ಮ ಸೇವೆಗೆ ಒದಗುತ್ತದೆ. ಇದಕ್ಕೆ ಚಾರ್ಜರಿನ ಹಂಗಿಲ್ಲ. ಹತ್ತೊಂಬತ್ತನೆಯ ಶತಮಾನದ ಆಂಗ್ಲ ಇಂಜಿನಿಯರ್ ಜೇಮ್ಸ್ ಆಟ್ಕಿನ್ಸನ್ ಕಂಡುಕೊಂಡ ಕ್ರಮವನ್ನು ಅನುಸರಿಸಿ, ಇಂಧನಮಿಶ್ರಣವು ಸಂಪೀಡನಕ್ಕಿಂತ ದೀರ್ಘವಾಗಿ ವಿಕಸಿಸುವಂತೆ ಇಂತಹ ಕಾರುಗಳ ಇಂಜಿನ್ನನ್ನು ಹೊಂದಿಸಿರುತ್ತಾರೆ. ಅದರಿಂದ ಪೆಟ್ರೋಲಿನ ಹನಿಹನಿಯಿಂದಲೂ ಹೆಚ್ಚು ಕೆಲಸ ದೊರೆಯುತ್ತದೆ, ಆದರೆ ನಿಂತಲ್ಲಿಂದ ಹೊರಡುವಾಗಿನ ಕಸುವು ಕಡಮೆಯಾಗುತ್ತದೆ. ಆ ಕೊರತೆಯನ್ನು ತುಂಬುವುದು ಮೋಟಾರು. 1997ರಲ್ಲಿ ಜಪಾನಿನಲ್ಲಿ ಹೊರಬಂದ ಟೊಯೋಟಾ ಪ್ರಿಯಸ್ ಈ ಸಾಂಗತ್ಯವನ್ನು ಮೊದಲಬಾರಿಗೆ ಜನಸಾಮಾನ್ಯರ ಬಳಕೆಗೆ ತಂದಿತು.

ಮರುದಿನ ಒಂಬತ್ತಕ್ಕೆ ನಾವು ಕೊಡಿಗೇಹಳ್ಳಿ ಗೇಟಿನಲ್ಲಿ ಆ ಕಾರನ್ನು ಏರಿದೆವು. ಎಡಗಡೆ ಬಿಎಂಟಿಸಿ ಬಸ್ಸು, ಬಲಗಡೆ ಸಿಮೆಂಟಿನ ಲಾರಿ, ಸಂದಿನಲ್ಲಿ ತೂರಿಬರುವ ಸ್ಕೂಟರುಗಳು. ಒಳಗೆ ಎಸಿಯ ತಂಪು ಹದವಾಗಿತ್ತು. ಇಂಜಿನ್ ಮಾತ್ರ ನಿಂತಿತ್ತು. ಸಾಧಾರಣ ಕಾರಿನಲ್ಲಿ ಎಸಿಯನ್ನು ಓಡಿಸುವುದು ಇಂಜಿನ್ನಿನ ಬೆಲ್ಟು, ಇದರಲ್ಲಿ ನೇರವಾಗಿ ವಿದ್ಯುತ್ತು. ಆದಕಾರಣ ಇಂಜಿನ್ ನಿಂತರೂ ತಂಪು ನಿಲ್ಲುವುದಿಲ್ಲ. ಎದುರಿನ ಪರದೆಯ ಮೇಲೆ ಬ್ಯಾಟರಿಯ ಗುರುತಿನೊಳಗಿನ ಪಟ್ಟಿಗಳು ಒಂದೊಂದಾಗಿ ಕುಗ್ಗುತ್ತ ಬಂದು, ಎರಡು ಮಾತ್ರ ಉಳಿದಾಗ, ಇಂಜಿನ್ ತಾನಾಗಿ ಹೊತ್ತಿಕೊಂಡು, ಎರಡು ಮೂರು ನಿಮಿಷ ದುಡಿದು, ಮತ್ತೆ ಮೌನಕ್ಕೆ ತಿರುಗಿತು. ಇಪ್ಪತ್ತೆರಡು ನಿಮಿಷಗಳ ಆ ತೆವಳಾಟದಲ್ಲಿ ಅದು ಹೊತ್ತಿಕೊಂಡದ್ದು ಐದೇ ಸಲವೆಂದು ಸ್ನೇಹಿತರು ಬೆರಳು ಮಡಿಸಿ ಎಣಿಸಿದರು. ಪಕ್ಕದ ಕಾರುಗಳೆಲ್ಲ ಅಷ್ಟು ಹೊತ್ತೂ ಹೊಗೆಯುಗುಳುತ್ತಲೇ ಇದ್ದವು.

ತರುವಾಯ, ತರುಣನ ಇಚ್ಛೆಯನ್ನೂ ಮನ್ನಿಸಿ, ಅದೇ ಕಾರನ್ನು ಬಳ್ಳಾರಿ ರಸ್ತೆಯ ಎತ್ತರಿಸಿದ ಹೆದ್ದಾರಿಗೆ ಹತ್ತಿಸಿ ಸಾದಹಳ್ಳಿಯ ಟೋಲ್ ಗೇಟಿನ ದಿಕ್ಕಿಗೆ ಓಡಿಸಿದೆವು. ಅಲ್ಲಿ ಬ್ರೇಕಿಗೆ ಕೆಲಸವಿಲ್ಲ. ಬ್ರೇಕಿಲ್ಲದ ಕಡೆ ಮರಳಿ ದೊರೆಯುವ ಶಕ್ತಿಯೂ ಇಲ್ಲ. ಇಂಜಿನ್ ಬಹುಪಾಲು ನಿರಂತರವಾಗಿ ಓಡಿತು. ಪ್ರತಿದಿನವೂ ದೇವನಹಳ್ಳಿಯ ಕಡೆಗೆ ಸಮವೇಗದಲ್ಲಿ ಹೋಗಿಬರುವವರಿಗೆ ಹೈಬ್ರಿಡ್ಡಿನ ಲಾಭ ಅಲ್ಪ. ಯಶವಂತಪುರದ ಮಾರುಕಟ್ಟೆಯ ಸುತ್ತ, ಮೇಖ್ರಿ ವೃತ್ತದ ಸಿಗ್ನಲ್ಲುಗಳಲ್ಲಿ ನಿಂತು ನಿಂತು ಸಾಗುವವರಿಗೆ ಅದು ಮಹತ್ತಾದುದು. ಕಂಪನಿಯವರು ಹೇಳುವ ಮೈಲೇಜಿಗಿಂತ ಮೊದಲು ತನ್ನ ನಿತ್ಯದ ಹಾದಿ ಎಂಥದೆಂಬುದನ್ನು ಕೊಳ್ಳುವವನು ನಿಶ್ಚಯಿಸಿಕೊಳ್ಳಬೇಕು.

ಹೆಸರಿನ ವಿಷಯದಲ್ಲಿಯೂ ಎಚ್ಚರ ಅವಶ್ಯಕ. ಡಿಕ್ಕಿಯ ಮೇಲೆ ಹೈಬ್ರಿಡ್ ಎಂದು ಬರೆದುಕೊಂಡ ಕಾರುಗಳೆಲ್ಲ ಮೋಟಾರಿನ ಬಲವೊಂದರಿಂದಲೇ ಓಡಲಾರವು. ಮೈಲ್ಡ್ ಹೈಬ್ರಿಡ್ಡಿನಲ್ಲಿ ಮೋಟಾರು ಇಂಜಿನ್ನಿನ ಜೊತೆ ಕೈಜೋಡಿಸುವ ಸಹಾಯಕ ಮಾತ್ರ. ಜರ್ಮನಿಯ ಅನೇಕ ಬೆಲೆಬಾಳುವ ಕಾರುಗಳಲ್ಲಿರುವ 48 ವೋಲ್ಟಿನ ಏರ್ಪಾಡು ಈ ಜಾತಿಯದು. ಇಂಜಿನ್ ಆರಿಸಿಕೊಂಡು ಚಲಿಸಬಲ್ಲದು ಸ್ಟ್ರಾಂಗ್ ಹೈಬ್ರಿಡ್. ಇಂಜಿನ್ ಹೊತ್ತಿಸದೆ ಗಾಡಿಯನ್ನು ಹತ್ತು ಗಜ ಮುಂದಕ್ಕೆ ಓಡಿಸಿ ತೋರಿಸೆಂದು ಕೇಳಿದರೆ ಉತ್ತರ ಕಣ್ಣೆದುರಿಗೇ ದೊರೆಯುತ್ತದೆ.

ಇನ್ನು ಹಣದ ಮಾತು. ವರ್ಷಕ್ಕೆ 12,000 ಕಿಲೋಮೀಟರು ಓಡಾಟವೆಂದೂ, ಈ ದಟ್ಟಣೆಯಲ್ಲಿ ಪೆಟ್ರೋಲ್ ಕಾರು ಲೀಟರಿಗೆ 10, ಹೈಬ್ರಿಡ್ 16 ಕಿಲೋಮೀಟರು ಕೊಡುತ್ತದೆಂದೂ, ಪೆಟ್ರೋಲಿನ ದರ 100 ರೂಪಾಯಿಯೆಂದೂ ಹಿಡಿದರೆ, ವಾರ್ಷಿಕ ಉಳಿತಾಯ 45,000 ರೂಪಾಯಿ. ಆದರೆ 20 ಲಕ್ಷಕ್ಕೆ ಮೇಲ್ಪಟ್ಟ ಕಾರಿಗೆ ಕರ್ನಾಟಕದಲ್ಲಿ ಶೇಕಡ 18ರಷ್ಟು ಆಜೀವ ರಸ್ತೆ ತೆರಿಗೆಯಿದ್ದು, ಹೈಬ್ರಿಡ್ಡಿಗೆ ಅದರಲ್ಲಿ ರಿಯಾಯಿತಿಯಿಲ್ಲವಾದ್ದರಿಂದ, 70 ಲಕ್ಷದ ಕಾರಿಗೆ ಉಪಕರವನ್ನು ಬಿಟ್ಟೇ 12 ಲಕ್ಷ 60 ಸಾವಿರ ತೆರಬೇಕಾಗುತ್ತದೆ. ಇದು ಇಪ್ಪತ್ತೆಂಟು ವರ್ಷಗಳ ಪೆಟ್ರೋಲ್ ಉಳಿತಾಯಕ್ಕೆ ಸಮಾನ. ಉತ್ತರಪ್ರದೇಶ ಸರ್ಕಾರವು 2024ರಲ್ಲಿ ಸ್ಟ್ರಾಂಗ್ ಹೈಬ್ರಿಡ್ಡುಗಳ ನೋಂದಣಿ ತೆರಿಗೆಯನ್ನು ಮನ್ನಾ ಮಾಡಿತು. ನಮ್ಮಲ್ಲಿ ಅದೇ ವರ್ಷ 25 ಲಕ್ಷಕ್ಕೆ ಮಿಕ್ಕ ವಿದ್ಯುತ್ ಕಾರುಗಳಿಗೂ ಶೇಕಡ 10ರ ತೆರಿಗೆ ಬಿತ್ತು. 2025ರ ಸೆಪ್ಟೆಂಬರಿನಿಂದ ಜಿಎಸ್‌ಟಿ ದೊಡ್ಡ ಹೈಬ್ರಿಡ್ಡುಗಳಿಗೆ ಶೇಕಡ 40, ವಿದ್ಯುತ್ ಕಾರಿಗೆ ಶೇಕಡ 5. ಹೊಗೆಯನ್ನು ತಗ್ಗಿಸುವ ವಾಹನವನ್ನು ತೆರಿಗೆಯ ಲೆಕ್ಕದಲ್ಲಿ ಹೊಗೆಯುಗುಳುವ ವಾಹನದ ಸಾಲಿನಲ್ಲಿಯೇ ಕೂರಿಸುವುದು ನ್ಯಾಯವಲ್ಲವೆಂದು ನನ್ನ ದೃಢವಾದ ಅಭಿಪ್ರಾಯ. ಅದೇನೇ ಇರಲಿ, ಉಳಿತಾಯಕ್ಕೋಸ್ಕರ ಐಷಾರಾಮಿ ಹೈಬ್ರಿಡ್ ಕೊಳ್ಳುತ್ತೇನೆಂಬ ವಾದ ನಿಲ್ಲತಕ್ಕದ್ದಲ್ಲ. ಅದರಿಂದ ದೊರೆಯುವುದು ನಿಶ್ಶಬ್ದತೆ ಮತ್ತು ದೇಹಕ್ಕೆ ಆಯಾಸವಿಲ್ಲದ ಪಯಣ. ಅರವತ್ತು ದಾಟಿದವರಿಗೆ ಅದೇನೂ ಕ್ಷುಲ್ಲಕವಲ್ಲ.

ಕೇವಲ ಮಿತವ್ಯಯವೇ ಗುರಿಯಾದರೆ ದೂರ ಹೋಗಬೇಕಾಗಿಲ್ಲ. ನಮ್ಮದೇ ಬಿಡದಿಯಲ್ಲಿ, 1999ರ ಡಿಸೆಂಬರಿನಲ್ಲಿ ಕ್ವಾಲಿಸ್ ತಯಾರಿಕೆಯಿಂದ ಮೊದಲಾದ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ, 2013ರಿಂದ ಕ್ಯಾಮ್ರಿ ಹೈಬ್ರಿಡ್, 2020ರಿಂದ ಟೊಯೋಟಾದವರದೇ ಐಷಾರಾಮಿ ಲೆಕ್ಸಸ್ ಇಎಸ್ 300ಎಚ್, 2022ರಿಂದ ಹೈರೈಡರ್, ಅದರ ಬೆನ್ನಿಗೇ ಇನೋವಾ ಹೈಕ್ರಾಸ್ ಜೋಡಣೆಗೊಳ್ಳುತ್ತ ಬಂದಿವೆ. ಲೀಟರಿಗೆ 27.97 ಕಿಲೋಮೀಟರೆಂದು ಅಧಿಕೃತ ಪರೀಕ್ಷೆಯಲ್ಲಿ ದಾಖಲೆಯಾದ ಹೈರೈಡರಿನ ಒಳಗೆ ಕೆಲಸ ಮಾಡುವ ತತ್ತ್ವವೂ ಲೆಕ್ಸಸ್ಸಿನದೂ ಮೂಲತಃ ಒಂದೇ. ಹೆಚ್ಚಿನ ಹಣ ಸಲ್ಲುವುದು ಚರ್ಮದ ಆಸನಕ್ಕೆ, ಶಬ್ದವನ್ನು ತಡೆಯುವ ಗಾಜಿಗೆ, ಕುಶಲಕರ್ಮದ ನಯಕ್ಕೆ.

ಅಡಕವೆಂಬ ಮಾತನ್ನೂ ಅಳೆದೇ ನಂಬಬೇಕು. ಅನ್ಯದೇಶಗಳಲ್ಲಿ ಕಾಂಪ್ಯಾಕ್ಟ್ ಎನಿಸಿಕೊಳ್ಳುವ ಲೆಕ್ಸಸ್ ಎನ್‌ಎಕ್ಸ್ 4660 ಮಿಲಿಮೀಟರ್ ಉದ್ದ, 1865 ಮಿಲಿಮೀಟರ್ ಅಗಲ, ಹೈರೈಡರಿನ ಅಗಲ 1795. ಎರಡರ ನಡುವಿನ ಅಂತರ ಏಳು ಸೆಂಟಿಮೀಟರು. ಆದರೆ ಎರಡು ಪಕ್ಕಗಳಲ್ಲಿಯೂ ಕಾರು ನಿಲ್ಲಿಸಿರುವ ಆರ್.ಟಿ. ನಗರದ ಅಡ್ಡರಸ್ತೆಯಲ್ಲಿ, ಎದುರಿಗೆ ಶಾಲೆಯ ವ್ಯಾನು ಬಂದಾಗ, ಕನ್ನಡಿಗಳನ್ನು ಮಡಿಸಿಕೊಂಡು ಹಾದುಹೋಗುವುದೋ ಹಿಂದಕ್ಕೆ ಸರಿಯುವುದೋ ಎಂಬುದನ್ನು ನಿರ್ಣಯಿಸುವುದು ಆ ಏಳು ಸೆಂಟಿಮೀಟರುಗಳೇ. ಸ್ನೇಹಿತರು ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಎರಡು ಕಂಬಗಳ ನಡುವೆ ಟೇಪು ಹಿಡಿದು, ಬಾಗಿಲು ತೆರೆಯುವ ಜಾಗವನ್ನೂ ಕೂಡಿಸಿ, ಸುಣ್ಣದ ಕಡ್ಡಿಯಿಂದ ನೆಲದ ಮೇಲೆ ಗೆರೆ ಎಳೆದರು.

ಬ್ಯಾಟರಿ ಕೆಟ್ಟರೆ ಗತಿಯೇನೆಂಬ ಪ್ರಶ್ನೆ ಎಲ್ಲರದು. ಕಂಪ್ಯೂಟರು ಅದನ್ನು ಪೂರ್ತಿ ತುಂಬಗೊಡದೆ, ಪೂರ್ತಿ ಬರಿದಾಗಗೊಡದೆ ಮಧ್ಯದ ಮಟ್ಟದಲ್ಲಿಯೇ ಕಾಪಾಡುವುದರಿಂದ ಅದು ದೀರ್ಘಾಯು. ಟೊಯೋಟಾದವರು 8 ವರ್ಷ ಅಥವಾ 1,60,000 ಕಿಲೋಮೀಟರುಗಳ ವಾರಂಟಿ ಕೊಡುತ್ತಾರೆ. ಅನೇಕ ಹೈಬ್ರಿಡ್ಡುಗಳಲ್ಲಿ ಹಿಂದಿನ ಸೀಟಿನ ಅಂಚಿನಲ್ಲಿ ಬ್ಯಾಟರಿಗೆ ತಂಪುಗಾಳಿ ಸೇದುವ ಸಣ್ಣ ಜಾಲರಿಯಿರುತ್ತದೆ. ಕಾಮಗಾರಿಗಳ ಧೂಳು ಆಡುವ ನಮ್ಮ ಉತ್ತರ ಭಾಗದಲ್ಲಿ ಅದನ್ನು ಸರ್ವಿಸಿನಲ್ಲಿ ತಪ್ಪದೆ ಶುಚಿಗೊಳಿಸಬೇಕು, ಅದರ ಮುಂದೆ ಚೀಲ ಇಡಕೂಡದು. ನಿಜವಾಗಿ ಕೈಕೊಡುವುದು ಮತ್ತೊಂದು, ಸಾಧಾರಣ ಕಾರಿನಲ್ಲಿರುವಂತಹ 12 ವೋಲ್ಟಿನ ಚಿಕ್ಕ ಬ್ಯಾಟರಿ. ಅದು ಬರಿದಾದರೆ ದೊಡ್ಡ ಬ್ಯಾಟರಿಯಲ್ಲಿ ಶಕ್ತಿ ತುಂಬಿದ್ದರೂ ಕಾರು ಎಚ್ಚರಗೊಳ್ಳದು. ಮಗಳ ಬಾಣಂತನಕ್ಕೆಂದು ಆರು ತಿಂಗಳು ಅಮೆರಿಕದಲ್ಲಿದ್ದು ಬಂದ ನಮ್ಮ ಬೀದಿಯ ದಂಪತಿಗಳ ಹೈಬ್ರಿಡ್ ಬಾಗಿಲನ್ನೂ ತೆರೆಯಲೊಲ್ಲದೆ ನಿಂತಿತ್ತು. ಕೀಲಿಯೊಳಗೆ ಅಡಗಿದ್ದ ಲೋಹದ ಬೀಗದಕೈಯಿಂದ ಬಾಗಿಲು ತೆಗೆದು, ನೆರೆಯವರ ಕಾರಿನಿಂದ ತಂತಿ ಎಳೆದು ಅದನ್ನು ಎಬ್ಬಿಸಬೇಕಾಯಿತು.

ಮುಂಗಡ ಕೊಡುವ ಮುನ್ನ ಇನ್ನೊಂದು ಪರೀಕ್ಷೆ ಬಾಕಿಯಿತ್ತು. ಭಾನುವಾರ ಬೆಳಿಗ್ಗೆ ಸ್ನೇಹಿತರು ಕಾರನ್ನು ಮನೆಗೆ ತರಿಸಿ, ಎಂಬತ್ತಾರರ ತಮ್ಮ ತಾಯಿಯನ್ನು ಹಿಂದಿನ ಬಾಗಿಲಿನ ಬಳಿ ನಿಲ್ಲಿಸಿದರು. ಆಕೆ ಎಡಗೈಯಿಂದ ಮಗನ ಭುಜವನ್ನೂ ಬಲಗೈಯಿಂದ ಬಾಗಿಲ ಕಂಬವನ್ನೂ ಹಿಡಿದು, ಬೆನ್ನು ಬಗ್ಗಿಸದೆ, ಮೊಣಕಾಲು ಎತ್ತರಿಸದೆ, ಸೀಟಿನ ಮೇಲೆ ಮೆಲ್ಲನೆ ಕುಳಿತು ಸೆರಗು ಒಳಗೆಳೆದುಕೊಂಡರು. ಕಾರು ಗೇಟು ದಾಟಿ, ಹಾಲಿನ ಬೂತಿನ ಬಳಿ ತಿರುಗಿತು.

"ಯಾಕೋ, ಇನ್ನೂ ಸ್ಟಾರ್ಟ್ ಆಗ್ಲಿಲ್ವೇನೋ?" ಎಂದು ಆಕೆ ಕೇಳಿದರು.