ಪುದುಚೇರಿಯ ಗಾಳಿ, ತಿತಿಮತಿಯ ಕಣ

ನವೆಂಬರ್ ಮುಗಿಯುತ್ತ ಬಂದರೆ ಕೊಡಗಿನ ತಿತಿಮತಿ ಕಡೆಯ ಕಾಫಿ ಬೆಳೆಗಾರರು ಫೋನಿನಲ್ಲಿ ಬಂಗಾಳ ಕೊಲ್ಲಿಯ ನಕ್ಷೆ ನೋಡಲು ಶುರುಮಾಡುತ್ತೇವೆ. ಕಾಡಂಚಿನಲ್ಲಿ ಕೂತವರಿಗೆ ಆ ಕಡಲಿನ ಚಿಂತೆ ಯಾಕೆ ಎಂದು ಬೆಂಗಳೂರಿನ ನೆಂಟರು ಕೇಳುತ್ತಾರೆ. ಪುದುಚೇರಿಯಿಂದ ಪಡುವಣಕ್ಕೆ ಒಂದು ಗೆರೆ ಎಳೆದು ನೋಡಿ. ಅದು ಹೆಚ್ಚುಕಡಿಮೆ ನಮ್ಮ ಪಕ್ಕದಲ್ಲೇ ಹಾದು ಅರಬ್ಬಿ ಸಮುದ್ರ ಸೇರುತ್ತದೆ. ಆ ಕಡಲಿಗೆ ಇಲ್ಲಿಂದ ಸುಮಾರು ನಾನೂರು ಕಿಲೋಮೀಟರ್, ಈ ಕಡಲಿಗೆ ನೂರಕ್ಕೂ ಕಡಿಮೆ. ಪೂರ್ವದಲ್ಲಿ ಎದ್ದ ಸೈಕ್ಲೋನ್ ಪಶ್ಚಿಮಕ್ಕೆ ದಾಟುವಾಗ ಎಷ್ಟೋ ಸಲ ನಮ್ಮ ತಲೆಯ ಮೇಲಿಂದಲೇ ಹೋಗುತ್ತದೆ.

2024ರಲ್ಲಿ ಹಾಗೇ ಆಯಿತು. ಸೌದಿ ಅರೇಬಿಯಾ ಸೂಚಿಸಿದ್ದ ಫೆಂಗಲ್ ಎಂಬ ಹೆಸರು ಹೊತ್ತ ಚಂಡಮಾರುತ ನವೆಂಬರ್ 30ರ ರಾತ್ರಿ ಪುದುಚೇರಿಯ ಹತ್ತಿರ ದಡ ಹತ್ತಿತು. ಗಾಳಿಯ ವೇಗ ಗಂಟೆಗೆ 70ರಿಂದ 80 ಕಿಲೋಮೀಟರ್. ಇದಕ್ಕಿಂತ ಬಿರುಸಿನವು ಎಷ್ಟೋ ಬಂದುಹೋಗಿವೆ. ಆದರೆ ಇದು ದಡ ಹತ್ತಿದ ಮೇಲೆ ಗಂಟೆಗಟ್ಟಲೆ ಅಲ್ಲೇ ನಿಂತುಬಿಟ್ಟಿತು. ಪುದುಚೇರಿಯಲ್ಲಿ ಒಂದೇ ದಿನ ಸುಮಾರು 48 ಸೆಂಟಿಮೀಟರ್ ಮಳೆ ಸುರಿಯಿತು. ಆಮೇಲೆ ನಿಧಾನವಾಗಿ ಒಳನಾಡಿಗೆ ಸರಿದು, ನಮ್ಮ ರಾಜ್ಯದ ಗಡಿಗೆ ತಾಗಿದ ಕೃಷ್ಣಗಿರಿ ಜಿಲ್ಲೆಯ ಊತಂಗರೈಯಲ್ಲಿ 50 ಸೆಂಟಿಮೀಟರ್ ಸುರಿಸಿತು. ಡಿಸೆಂಬರ್ 3ರ ಹೊತ್ತಿಗೆ ಅದರ ಉಳಿಕೆ ಕೇರಳ, ಕರ್ನಾಟಕದ ಕರಾವಳಿಯಾಚೆ ಅರಬ್ಬಿ ಸಮುದ್ರದ ಮೇಲಿತ್ತು. ನಡುವಿನ ಆ ದಿನಗಳು ನಮ್ಮವು.

ದಡ ಹತ್ತಿದ ಮೇಲೆ ಸೈಕ್ಲೋನ್ ಸತ್ತಿತು ಎಂದು ಟಿವಿಯವರು ಕ್ಯಾಮೆರಾ ಮಡಚುತ್ತಾರೆ. ಸಾಯುವುದು ಗಾಳಿ ಮಾತ್ರ. ಕಡಲಿನ ನೀರು 26-27 ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗಿದ್ದರೆ ಅದರ ಮೇಲಿನ ತೇವದ ಗಾಳಿ ಮೇಲೇರುತ್ತದೆ, ತಂಪಾಗಿ ಮೋಡವಾಗುವಾಗ ಆವಿಯಲ್ಲಿದ್ದ ಶಾಖ ಬಿಟ್ಟುಕೊಡುತ್ತದೆ. ಆ ಶಾಖವೇ ಇನ್ನಷ್ಟು ಗಾಳಿಯನ್ನು ಮೇಲಕ್ಕೆ ಎಳೆಯುತ್ತದೆ. ಭೂಮಿ ತಿರುಗುವುದರಿಂದ ಅದಕ್ಕೆ ಸುಳಿ ಬೀಳುತ್ತದೆ. ನೆಲಕ್ಕೆ ಬಂದ ಕೂಡಲೇ ಕೆಳಗಿನ ಬಿಸಿನೀರು ತಪ್ಪುತ್ತದೆ, ಮರ ಗುಡ್ಡಗಳು ಅಡ್ಡ ಬರುತ್ತವೆ, ವೇಗ ಇಳಿಯುತ್ತದೆ. ಆದರೆ ಹೊತ್ತು ತಂದ ನೀರು ಮೋಡದಲ್ಲಿ ಹಾಗೇ ಇರುತ್ತದೆ. ಎರಡು ಮೂರು ದಿನ ಬಿಟ್ಟೂ ಬಿಡದೆ ಬೀಳುವ ಆ ಜಿಟಿಜಿಟಿ ಮಳೆಗೆ ಇಲ್ಲಿ ಮರ ಬೀಳುವುದು ಅಪರೂಪ. ಹಾಳಾಗುವುದು ಕಣ.

ನಮ್ಮದು ಸಣ್ಣ ತೋಟ. ಸ್ವಲ್ಪ ಅರೇಬಿಕಾ, ಉಳಿದದ್ದು ರೊಬಸ್ಟಾ, ಮರಗಳಿಗೆ ಮೆಣಸಿನ ಬಳ್ಳಿ. ಡಿಸೆಂಬರ್ ಮೊದಲ ವಾರ ಎಂದರೆ ಅರೇಬಿಕಾ ಕೊಯ್ಲು ನಡೆದಿರುತ್ತದೆ, ಗದ್ದೆ ಇದ್ದವರ ಭತ್ತ ಹಣ್ಣಾಗಿರುತ್ತದೆ, ಸುಗ್ಗಿಹಬ್ಬ ಹುತ್ತರಿ ಹತ್ತಿರದಲ್ಲಿರುತ್ತದೆ. ಕಿತ್ತ ಕಾಫಿ ಹಣ್ಣಿನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನೀರು. ಅದು ಸಿಪ್ಪೆ ಸಮೇತ ಚೆರ್ರಿಯಾಗಿ ಒಣಗಿ ತೇವ ಶೇಕಡಾ 11ರ ಆಸುಪಾಸಿಗೆ ಇಳಿಯಬೇಕು. ಒಳ್ಳೆ ಬಿಸಿಲಿದ್ದರೂ ಅದಕ್ಕೆ ಎರಡು ವಾರ ಬೇಕು. ಹೀಗಾಗಿ ಕಣದ ಮೇಲೆ ಯಾವತ್ತೂ ಒಂದೇ ಹದದ ಕಾಫಿ ಇರುವುದಿಲ್ಲ. ನಿನ್ನೆ ಹರಡಿದ ಕೆಂಪು ಹಣ್ಣು ಒಂದು ಮೂಲೆ, ಕಂದಿ ಸುಕ್ಕಾದದ್ದು ನಡುವೆ, ಕೈಯಲ್ಲಿ ಅಲ್ಲಾಡಿಸಿದರೆ ಗಲಗಲ ಎನ್ನುವಷ್ಟು ಒಣಗಿದ್ದು ಆಚೆ.

ಮಳೆ ಬರುತ್ತದೆ ಎಂದಾಗ ಇಡೀ ಕಣಕ್ಕೆ ಟಾರ್ಪಾಲು ಎಳೆದರೆ ಸಾಕು ಎಂದು ಹೊಸಬರು ತಿಳಿಯುತ್ತಾರೆ. ಹಸಿ ಹಣ್ಣನ್ನು ರಾಶಿ ಹಾಕಿ ಮುಚ್ಚಿದರೆ ಒಂದೇ ರಾತ್ರಿಯಲ್ಲಿ ಒಳಗೆ ಕಾವೇರುತ್ತದೆ. ಬೆಳಿಗ್ಗೆ ಕೈ ಹಾಕಿದರೆ ಬಿಸಿ ತಾಗುತ್ತದೆ, ಹುಳಿ ವಾಸನೆ ಮೂಗಿಗೆ ಹೊಡೆಯುತ್ತದೆ. ಆ ವಾಸನೆ ಬೀಜಕ್ಕಿಳಿದರೆ ಮತ್ತೆ ಎಷ್ಟು ಬಿಸಿಲು ಕಂಡರೂ ಹೋಗುವುದಿಲ್ಲ. ಅರೆ ಒಣಗಿದ್ದಕ್ಕೆ ಬೂಷ್ಟು ಹಿಡಿಯುತ್ತದೆ. ಕೆಲವು ಬೂಷ್ಟುಗಳು ಒಕ್ರಟಾಕ್ಸಿನ್ ಎಂಬ ವಿಷ ಬಿಡುತ್ತವೆ, ಯುರೋಪಿನ ದೇಶಗಳಲ್ಲಿ ಅದಕ್ಕೆ ಕಟ್ಟುನಿಟ್ಟಿನ ಮಿತಿಯಿದೆ. ದೇಶದ ಕಾಫಿಯ ಹೆಚ್ಚಿನ ಪಾಲು ರಫ್ತಾಗುವುದರಿಂದ ನಮ್ಮ ಕಣದ ಬೂಷ್ಟು ನಮ್ಮ ಕಣದಲ್ಲೇ ಮುಗಿಯುವ ಸಂಗತಿಯಲ್ಲ.

ಫೆಂಗಲ್ ದಡ ಹತ್ತಿದ ಆ ಶನಿವಾರ, ನಕ್ಷೆಯಲ್ಲಿ ಸುಳಿ ಇನ್ನೂ ನೀರಿನ ಮೇಲಿದ್ದಾಗಲೇ ನಾನು ಕೊಯ್ಲು ನಿಲ್ಲಿಸಿದೆ. ನಮ್ಮ ಕಣ ನೋಡಿಕೊಳ್ಳುವ ಅಣ್ಣನಿಗೆ ಅದು ಒಪ್ಪಿಗೆಯಾಗಲಿಲ್ಲ.

"ಅಕ್ಕ, ಹಣ್ಣು ಉದುರ್ತಾ ಇದೆ. ನಾಳೆ ಒಂದಿನ ಕೊಯ್ದುಬಿಡೋಣ."

"ಗಿಡದಲ್ಲಿದ್ದದ್ದು ಉದುರಿದ್ರೆ ಹೆಕ್ಕಬಹುದು ಅಣ್ಣ. ಕಣದಲ್ಲಿ ಕೊಳೆತದ್ದನ್ನ ಏನು ಮಾಡ್ತೀರಿ?"

ಅವರು ಮತ್ತೆ ಮಾತಾಡದೆ ಗೋರುಮಣೆ ತೆಗೆದುಕೊಂಡರು. ಗಲಗಲ ಎನ್ನುವ ಚೆರ್ರಿಯನ್ನು ಚೀಲಕ್ಕೆ ತುಂಬಿ, ಗೋಡೆಗೆ ತಾಗದಂತೆ ಮರದ ಹಲಗೆಗಳ ಮೇಲೆ ಇಟ್ಟೆವು. ಅರೆ ಒಣಗಿದ್ದನ್ನು ಏರಿ ಮಾಡಿ ಟಾರ್ಪಾಲು ಹೊದಿಸಿದೆವು. ಮಳೆ ಬಿಟ್ಟಾಗಲೆಲ್ಲ ಅದನ್ನು ತೆಗೆದು ಗಾಳಿಯಾಡಿಸಲೇಬೇಕು, ಇಲ್ಲದಿದ್ದರೆ ಟಾರ್ಪಾಲಿನ ಒಳಗೇ ಬೆವರಿ ಹನಿ ಕಟ್ಟುತ್ತದೆ. ಹಸಿ ಹಣ್ಣಿಗೆ ಮಾತ್ರ ಸೂರೇ ಬೇಕು. ಜೀಪ್ ಶೆಡ್ಡು, ಜಗಲಿ, ಕೊನೆಗೆ ಊಟದ ಕೋಣೆಯ ನೆಲ, ಎಲ್ಲ ಕಡೆ ತೆಳ್ಳಗೆ ಹರಡಿ ರಾತ್ರಿ ಎದ್ದೆದ್ದು ತಿರುವಿದೆವು. ಪಲ್ಪ್ ಮಾಡಿ ತೊಳೆದ ಪಾರ್ಚ್‌ಮೆಂಟ್ ಇದ್ದವರಿಗೆ ಇನ್ನೊಂದು ದಾರಿಯಿದೆ: ತೊಟ್ಟಿಯಲ್ಲಿ ಒಳ್ಳೆ ನೀರು ತುಂಬಿ ಒಂದು ರಾತ್ರಿ ಅದರೊಳಗೇ ಮುಳುಗಿಸಿಡುವುದು.

ಇದೆಲ್ಲ ಸಂಜೆಯೊಳಗೆ ಮುಗಿಯಬೇಕು. ಮತ್ತಿಗೋಡಿನ ಆನೆ ಶಿಬಿರ ನಮಗೆ ಹತ್ತಿರ. ಅಲ್ಲಿಯವು ಮಾವುತರ ಮಾತು ಕೇಳುತ್ತವೆ, ತೋಟಕ್ಕೆ ಬರುವ ಕಾಡಾನೆಗಳು ಕೇಳುವುದಿಲ್ಲ. ಕತ್ತಲಾದ ಮೇಲೆ ಟಾರ್ಪಾಲು ಹಾರಿತೆಂದು ಯಾರನ್ನೂ ಕಣಕ್ಕೆ ಕಳಿಸುವಂತಿಲ್ಲ, ನಾನೂ ಹೋಗುವಂತಿಲ್ಲ. ಮಳೆಯ ಸದ್ದಿನಲ್ಲಿ ಆನೆ ಬಂದದ್ದು ಕೇಳಿಸುವುದೇ ಇಲ್ಲ. ಹತ್ತು ಚೀಲ ಕಾಫಿ ಹೋದರೂ ಒಂದು ಜೀವ ಹೋಗಬಾರದು.

ಹವಾಮಾನ ಇಲಾಖೆಯ ಮುನ್ಸೂಚನೆ ನನ್ನ ಅಮ್ಮನ ಕಾಲಕ್ಕೆ ಹೋಲಿಸಿದರೆ ಬಹಳ ಸುಧಾರಿಸಿದೆ, ಸುಳಿ ಎಲ್ಲಿ ದಡ ಹತ್ತುತ್ತದೆ ಎಂಬುದು ದಿನಗಳ ಮೊದಲೇ ತಿಳಿಯುತ್ತದೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಪಕ್ಕದಿಂದ ಗುಜರಾತಿನತ್ತ ಹೋದಾಗ ಮೀನುಗಾರರಿಗೆ ಮೊದಲೇ ಸುದ್ದಿ ಮುಟ್ಟಿತ್ತು. ಆದರೆ ಆ ಎಚ್ಚರಿಕೆಗಳ ಲೆಕ್ಕ ಬೇರೆ. 24 ಗಂಟೆಯಲ್ಲಿ 64.5 ಮಿಲಿಮೀಟರ್ ದಾಟಿದರೆ ಅದು ಭಾರಿ ಮಳೆ, ಹಳದಿ ಕಿತ್ತಳೆ ಬಣ್ಣಗಳೆಲ್ಲ ಸಾಮಾನ್ಯವಾಗಿ ಅದರ ಮೇಲೆಯೇ. ಕಣ ಕೆಡಲು ಐದು ಮಿಲಿಮೀಟರ್ ಸಾಕು. ಜಿಲ್ಲೆಗೆ ಯಾವ ಬಣ್ಣವೂ ಇಲ್ಲದ ದಿನ ನಮ್ಮ ವರ್ಷದ ದುಡಿಮೆ ನೆನೆದುಹೋಗಬಹುದು. ಜಿಲ್ಲೆಯ ಆಚೆ ತುದಿಯ ಭಾಗಮಂಡಲಕ್ಕೂ ಈಚೆಯ ತಿತಿಮತಿಗೂ ಒಂದೇ ಮಾತು ಹೇಳಿದರೆ ಇಬ್ಬರಿಗೂ ಉಪಯೋಗವಿಲ್ಲ. ದೇಶದ ಕಾಫಿಯಲ್ಲಿ ಮೂರನೇ ಒಂದು ಪಾಲು ಬೆಳೆಯುವ ಜಿಲ್ಲೆಗೆ, ನವೆಂಬರಿನಿಂದ ಫೆಬ್ರವರಿವರೆಗೆ ಯಾವ ಹೋಬಳಿಯಲ್ಲಿ ಎಷ್ಟು ಗಂಟೆ ಬಿಸಿಲು, ಎಷ್ಟು ಹೊತ್ತಿಗೆ ಹನಿ ಎಂಬ ಒಣಗಿಸುವವರ ಮುನ್ಸೂಚನೆ ಬೇಕು. ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಮಟ್ಟದ ಮಳೆಮಾಪಕಗಳಿವೆ. ಕೇಳಬೇಕಾದವರು ನಾವು, ಕೇಳುತ್ತಲೇ ಇದ್ದೇನೆ.

ಮಳೆ ನಿಂತ ಮೇಲೆ ಇನ್ನೊಂದು ಪೇಚು ಶುರುವಾಗುತ್ತದೆ. ರೊಬಸ್ಟಾಕ್ಕೆ ಹೂಮಳೆ ಬೇಕಾದದ್ದು ಫೆಬ್ರವರಿ, ಮಾರ್ಚಿನಲ್ಲಿ, ಕೊಯ್ಲೆಲ್ಲ ಮುಗಿದ ಮೇಲೆ. ಡಿಸೆಂಬರಿನಲ್ಲೇ ನೆನೆದರೆ ಮುಂದಾಗಿ ಬಲಿತ ಮೊಗ್ಗುಗಳು ಅಲ್ಲಲ್ಲಿ ಬಿಚ್ಚಿಕೊಳ್ಳುತ್ತವೆ. ಈ ವರ್ಷದ ಹಣ್ಣೂ ಮುಂದಿನ ವರ್ಷದ ಹೂವೂ ಒಂದೇ ರೆಕ್ಕೆಯಲ್ಲಿ, ಅಂದರೆ ಒಂದೇ ಕೊಂಬೆಯಲ್ಲಿ. ಕೊಯ್ಲಿಗೆ ಕೈ ಹಾಕಿದರೆ ಹೂ ಉದುರುತ್ತದೆ, ಬಿಟ್ಟರೆ ಹಣ್ಣು ಉದುರುತ್ತದೆ. ಅಂಥ ಗಿಡಗಳಿಗೆ ಹಗ್ಗ ಕಟ್ಟಿ ಗುರುತು ಮಾಡಿ, ಹೂ ಬಾಡಿ ಕಾಯಿ ಕಚ್ಚುವವರೆಗೆ ಅವನ್ನು ಮುಟ್ಟದೆ, ಉಳಿದ ಕಡೆಯಿಂದ ಕೊಯ್ಲು ಹಿಡಿದೆವು.