ನಿಮಗಿದು ಗೊತ್ತೆ? ತಲೆ ಮೇಲೆ ಜರಡಿ ಬಟ್ಟಲು, ಕೈಯಲ್ಲಿ ಲೈಸೆನ್ಸ್!

ಜಗತ್ತನ್ನು ಸೃಷ್ಟಿಸಿದ್ದು ಹಾರಾಡುವ ಸ್ಪಾಗೆಟ್ಟಿ ದೈತ್ಯ! ಹೀಗೆನ್ನುವ ಪಂಥದ ಹೆಸರು ಪಾಸ್ತಫೇರಿಯನಿಸಂ. 2005ರಲ್ಲಿ ಅಮೆರಿಕದ ಕ್ಯಾನ್ಸಾಸ್‌ನ ಶಾಲೆಗಳಲ್ಲಿ ವಿಕಾಸವಾದದ ಪಕ್ಕದಲ್ಲೇ ಸೃಷ್ಟಿಕರ್ತನ ವಾದಕ್ಕೂ ಜಾಗ ಕೊಡುವ ಮಾತು ಎದ್ದಿತ್ತು. ಹಾಗಾದರೆ ನಮ್ಮ ದೈತ್ಯನಿಗೂ ಸಮಪಾಲು ಕೊಡಿ ಎಂದು ಬಾಬಿ ಹೆಂಡರ್ಸನ್ ಎಂಬಾತ ಶಿಕ್ಷಣ ಮಂಡಳಿಗೆ ಪತ್ರ ಬರೆದ. ಕುಚೋದ್ಯವೇ ಪಂಥವಾಯಿತು.

ಈ ಪಂಥದ ಅನುಯಾಯಿ, ಆಸ್ಟ್ರಿಯಾದ ನಿಕೊ ಆಲ್ಮ್, ಪಾಸ್ತಾ ಬಸಿಯುವ ಜರಡಿ ಬಟ್ಟಲನ್ನೇ ಧಾರ್ಮಿಕ ಶಿರಸ್ತ್ರಾಣವೆಂದು ತಲೆಗೇರಿಸಿಕೊಂಡ ಫೋಟೊ ಇರುವ ಡ್ರೈವಿಂಗ್ ಲೈಸೆನ್ಸನ್ನು 2011ರಲ್ಲಿ ಪಡೆದೇಬಿಟ್ಟರು. ನಡುವೆ ವೈದ್ಯರಿಂದ ಮಾನಸಿಕ ಕ್ಷಮತೆಯ ಪರೀಕ್ಷೆ ಬೇರೆ! ಅಧಿಕಾರಿಗಳು ಹೇಳಿದ್ದಿಷ್ಟೆ: ಮುಖ ಪೂರ್ತಿ ಕಾಣುತ್ತಿದೆ, ಧರ್ಮದ ಪ್ರಶ್ನೆ ಇಲ್ಲಿಲ್ಲ.

2016ರಲ್ಲಿ ನೆಬ್ರಾಸ್ಕಾದ ಕೈದಿಯೊಬ್ಬ ಈ ಪಂಥದ ಹೆಸರಲ್ಲಿ ಧಾರ್ಮಿಕ ಸವಲತ್ತು ಕೇಳಿದಾಗ ಅಮೆರಿಕದ ಫೆಡರಲ್ ನ್ಯಾಯಾಲಯ, ಇದು ಧರ್ಮವಲ್ಲ, ವಿಡಂಬನೆ ಎಂದಿತು. ಅದೇ ವರ್ಷ ನ್ಯೂಜಿಲೆಂಡ್‌ನಲ್ಲಿ ಈ ಪಂಥದವರು ನಡೆಸಿಕೊಟ್ಟ ಮದುವೆ ಮಾತ್ರ ಕಾನೂನುಬದ್ಧ!