ಕೆರೆ ದಂಡೆಯ ಮನೆ: ವಿನಾಯಿತಿ ಕೊಡೋದು ಯಾರು, ಕಳ್ಕೊಳ್ಳೋದು ಯಾರು?

ಕಳೆದ ವಾರ ನಮ್ಮ ಸ್ಟುಡಿಯೋದಲ್ಲಿ ಒಂದೇ ಬೀದಿಯ ಇಬ್ಬರು ಎದುರುಬದುರು ಕೂತಿದ್ದರು. ಇಬ್ಬರೂ ರಾಜಕಾರಣಿಗಳಲ್ಲ. ಇಬ್ಬರಿಗೂ ಕ್ಯಾಮೆರಾ ಹೊಸದು. ಒಬ್ಬರು ನಿವೃತ್ತ ಮೇಷ್ಟ್ರು, ಇನ್ನೊಬ್ಬರು ಅದೇ ಬೀದಿಯ ತಗ್ಗಿನಲ್ಲಿ ಸಂಸಾರ ಹೂಡಿರುವ ಗೃಹಿಣಿ. ಜಗಳ ಬೆಂಗಳೂರಿನ ಅಂಚಿನ ಒಂದು ಕೆರೆಯ ಪಕ್ಕದ ಸೈಟಿನದ್ದು. ಅದರ ಬಗ್ಗೆ ಇವತ್ತು ಸ್ವಲ್ಪ ವಿವರವಾಗಿ ಮಾತಾಡಬೇಕು. ಯಾಕಂದ್ರೆ ಅವತ್ತು ಅರ್ಧ ಗಂಟೆಯ ಕಾರ್ಯಕ್ರಮದಲ್ಲಿ ನಾನೇ ಅದನ್ನು ಹಾಳು ಮಾಡಿದೆ.

ಮೊದಲು ಲೆಕ್ಕ ನೋಡಿ. ಮೇಷ್ಟ್ರ ಸೈಟು 40–60. ಉದ್ದ 60 ಅಡಿ, ಅಂದ್ರೆ ಸುಮಾರು 18 ಮೀಟರ್. ಸೈಟಿನ ಹಿಂಬದಿಯ ಅಂಚು ಕೆರೆಯಿಂದ 15 ಮೀಟರ್ ದೂರದಲ್ಲಿದೆ. ನಗರದ ಮಹಾಯೋಜನೆ ಕೆರೆಯ ಸುತ್ತ 30 ಮೀಟರ್ ಖಾಲಿ ಬಿಡಿ ಅನ್ನುತ್ತೆ. ಹಾಗೆ ಬಿಟ್ಟರೆ ಮೇಷ್ಟ್ರ ಕೈಗೆ ಉಳಿಯೋದು ರಸ್ತೆ ಕಡೆಯ ಮೂರು ಮೀಟರ್. ಅಲ್ಲಿ ಸ್ಕೂಟರ್ ನಿಲ್ಲಿಸಬಹುದು, ಮನೆ ಕಟ್ಟೋಕಾಗಲ್ಲ. ಅದಕ್ಕೇ ಅವರು ವಿನಾಯಿತಿ ಕೇಳಿ ಅರ್ಜಿ ಕೊಟ್ಟಿದ್ದಾರೆ. ಬೀದಿಯವರು ಇಬ್ಭಾಗವಾಗಿದ್ದಾರೆ.

ಮೇಷ್ಟ್ರ ವಾದ ಸುಳ್ಳಲ್ಲ. "ನಾನು ಸೈಟು ತಗೊಂಡಾಗ ಈ ಗೆರೆ ಇರಲಿಲ್ಲ ಸ್ವಾಮಿ. ರಿಜಿಸ್ಟರ್ ಆಗಿದೆ, ಕಂದಾಯ ಕಟ್ಟಿದೀನಿ. ಆಚೆ ದಡದಲ್ಲಿ ಅಪಾರ್ಟ್‌ಮೆಂಟ್ ಎದ್ದು ನಿಂತಿದೆ. ನನ್ನ ಒಂದು ಮನೆಗೆ ಮಾತ್ರ ಕಾನೂನಾ?" ಅಂದರು.

ಆಕೆಯ ವಾದವೂ ಸುಳ್ಳಲ್ಲ. "ಮೇಷ್ಟ್ರೇ, ನಿಮ್ಮ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ 2022ರಲ್ಲಿ ನಮ್ಮನೆ ಒಳಗೆ ಮಂಚದ ಮಟ್ಟಕ್ಕೆ ನೀರು ಬಂದಾಗ ನೀವೇ ಅಲ್ವಾ ನನ್ನ ಅತ್ತೇನ ಹೊತ್ಕೊಂಡು ಹೋಗಿದ್ದು? ಇನ್ನೂ ನಾಲ್ಕಡಿ ಮಣ್ಣು ತುಂಬಿಸಿ ಮನೆ ಎತ್ತರಿಸ್ತೀನಿ ಅಂತೀರಿ. ಆ ನೀರು ಎಲ್ಲಿಗೆ ಹೋಗಬೇಕು?"

ಆಗ ನಾನು ಏನು ಮಾಡಿದೆ ಗೊತ್ತಾ? "ಕಟ್ಟಬೇಕಾ, ಬೇಡವಾ? ಒಂದೇ ಮಾತಲ್ಲಿ ಹೇಳಿ" ಅಂದೆ. ಅದು ಟಿವಿಯ ಚಾಳಿ. ಪ್ರಶ್ನೆಯೇ ತಪ್ಪು. ಕೇಳಬೇಕಾದ ಪ್ರಶ್ನೆಗಳು ಬೇರೆ ಇದ್ದವು.

ಮೊದಲನೆಯದು, ಆ 30 ಮೀಟರ್ ಯಾಕೆ? ಬೆಂಗಳೂರಿಗೆ ದೊಡ್ಡ ನದಿಯಿಲ್ಲ. ಒಂದು ಕೆರೆ ತುಂಬಿದರೆ ಕೋಡಿ ಬಿದ್ದು, ರಾಜಕಾಲುವೆ ಹಿಡಿದು ನೀರು ಮುಂದಿನ ಕೆರೆಗೆ ಹೋಗಬೇಕು. ನಮ್ಮ ಹಿರಿಯರು ಕಟ್ಟಿದ್ದು ಹಾಗೆ, ಸರಪಳಿ ಥರ. ತೂಬು ಎತ್ತಿ ಇಳಿಸೋಕೆ ಊರಿಗೊಬ್ಬ ನೀರುಗಂಟಿ ಇರುತ್ತಿದ್ದ. ಕೆರೆ ಅಂದ್ರೆ ಬೇಸಿಗೆಯಲ್ಲಿ ಕಾಣೋ ನೀರಿನ ಅಂಚು ಮಾತ್ರ ಅಲ್ಲ. ಮಳೆಗಾಲದಲ್ಲಿ ಅದು ಕಾಲು ಚಾಚುತ್ತೆ. ಆ ಕಾಲು ಚಾಚೋ ಜಾಗವೇ ಈ ಮೀಸಲು ಪಟ್ಟಿ.

ಮೇಷ್ಟ್ರ ನಾಲ್ಕಡಿ ಮಣ್ಣಿನ ಲೆಕ್ಕವನ್ನೇ ಹಾಕಿ ನೋಡಿ. 2,400 ಚದರಡಿಗೆ ನಾಲ್ಕಡಿ ಮಣ್ಣು ತುಂಬಿಸಿದರೆ, ನೀರು ಆ ಮಟ್ಟಕ್ಕೆ ಏರಿದ ದಿನ ಅಲ್ಲಿ ನಿಲ್ಲಬಹುದಾಗಿದ್ದ ಸುಮಾರು 2.7 ಲಕ್ಷ ಲೀಟರ್ ನೀರಿಗೆ ಜಾಗ ಇರಲ್ಲ. 6,000 ಲೀಟರ್‌ನ ಟ್ಯಾಂಕರ್ ಲೆಕ್ಕದಲ್ಲಿ 45 ಟ್ಯಾಂಕರ್. ಒಂದು ಸೈಟಿಗೆ ಇಷ್ಟು. ಅಂಥ ಹತ್ತು ಸೈಟಾದರೆ? ನೀರಿಗೆ ವಿನಾಯಿತಿ ಪತ್ರ ಓದೋಕೆ ಬರಲ್ಲ. ತಗ್ಗಿದ್ದ ಕಡೆ ಹೋಗುತ್ತೆ. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಸಾಫ್ಟ್‌ವೇರ್ ಕಂಪನಿಗಳಿಗೆ ಜನ ಟ್ರಾಕ್ಟರ್ ಹತ್ತಿ ಹೋಗಿದ್ದನ್ನು, ಕೋಟಿ ಕೋಟಿಯ ವಿಲ್ಲಾಗಳಿಂದ ದೋಣಿಯಲ್ಲಿ ಹೊರಬಂದದ್ದನ್ನು ನಾವೆಲ್ಲ ನೋಡಿದ್ದೇವೆ.

ಎರಡನೆಯದು, ಗೆರೆ ಎಳೆಯೋರು ಯಾರು? ಇಲ್ಲಿ ಜನಸಾಮಾನ್ಯರು ನಿಜವಾಗಿಯೂ ನಜ್ಜುಗುಜ್ಜಾಗಿದ್ದಾರೆ. 2007ರಲ್ಲಿ ಜಾರಿಗೆ ಬಂದ 2015ರ ಮಹಾಯೋಜನೆಯಲ್ಲಿ ಕೆರೆಗೆ 30 ಮೀಟರ್. ರಾಜಕಾಲುವೆಗಳಿಗೆ ದರ್ಜೆ ಪ್ರಕಾರ 50, 25, 15 ಮೀಟರ್, ಅದೂ ಕಾಲುವೆಯ ಮಧ್ಯದಿಂದ ಅಳೆದು. 2016ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೆರೆಗೆ 75 ಮೀಟರ್ ಬಿಡಿ ಅಂತು. ಕಾಲುವೆಗಳಿಗೆ 50, 35, 25 ಮೀಟರ್, ಮಧ್ಯದಿಂದಲ್ಲ, ಅಂಚಿನಿಂದ. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು. ಕಾನೂನಿನ ಪ್ರಕಾರ ಮಾಡಿದ ಮಹಾಯೋಜನೆಯನ್ನು ನ್ಯಾಯಮಂಡಳಿ ತಾನೇ ಬದಲಾಯಿಸೋ ಹಾಗಿಲ್ಲ ಅನ್ನೋದು ಅದಕ್ಕೆ ಕೊಟ್ಟ ಕಾರಣ. ಮತ್ತೆ 30ಕ್ಕೆ ಬಂತು.

ಮಜಾ ಏನು ಅಂದ್ರೆ, ಆ ಗೃಹಿಣಿಯ ಮನೆ ಕೆರೆಯಿಂದ 60 ಮೀಟರ್ ದೂರದಲ್ಲಿದೆ. ಆ ಮೂರು ವರ್ಷ ಆಕೆಯ ಜಾಗವೂ ಗೆರೆಯ ಒಳಗೇ ಇತ್ತು. ಮೇಷ್ಟ್ರು ಅದನ್ನು ನೆನಪಿಸಿದಾಗ ಆಕೆ ಸುಮ್ಮನಾದರು. ಇವತ್ತು ಬೆರಳು ತೋರಿಸುವವರು ನಾಳೆ ಅದೇ ಜಾಗದಲ್ಲಿ ನಿಲ್ಲಬೇಕಾಗಬಹುದು.

ಮೂರನೆಯದು, ವಿನಾಯಿತಿ ಯಾವಾಗ ಕೊಡಬೇಕು? ಅಮೆರಿಕದಲ್ಲಿ ಇದಕ್ಕೆ 'ವೇರಿಯನ್ಸ್' ಅಂತಾರೆ. 1916ರಲ್ಲಿ ನ್ಯೂಯಾರ್ಕ್ ಇಡೀ ನಗರಕ್ಕೆ ವಲಯ ನಿಯಮ ತಂದಾಗಿನಿಂದ ಬೆಳೆದುಬಂದ ಪದ್ಧತಿ ಇದು. ಅಕ್ಕಪಕ್ಕದವರಿಗೆ ನೋಟಿಸು ಹೋಗುತ್ತೆ, ಒಂದು ಸಂಜೆ ಎಲ್ಲರನ್ನೂ ಕೂರಿಸಿ ವಿಚಾರಣೆ ಮಾಡ್ತಾರೆ. ಸಾಮಾನ್ಯವಾಗಿ ಕೇಳೋದು ನಾಲ್ಕು ಪ್ರಶ್ನೆ. ತೊಂದರೆ ಆ ಜಾಗದ್ದೋ, ಮಾಲೀಕನ ಆಸೆಯದ್ದೋ? ಅದನ್ನು ಅವನೇ ತಂದುಕೊಂಡನೋ? ಸುತ್ತಲಿನವರಿಗೆ ಹಾನಿ ಇದೆಯೋ? ಕೇಳ್ತಾ ಇರೋದು ಅಗತ್ಯಕ್ಕಿಂತ ಜಾಸ್ತಿಯೋ? ಅಲ್ಲಿ ಎಲ್ಲವೂ ಸರಿಯಿದೆ ಅಂತ ನಾನು ಹೇಳ್ತಿಲ್ಲ. ಆದರೆ ಜಗಳ ನಡೆಯೋದು ಪಾಯ ತೋಡೋಕೆ ಮುಂಚೆ.

ನಮ್ಮಲ್ಲಿ? 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿ ಭೂಬಳಕೆ ಬದಲಿಸಲು ಅವಕಾಶವಿದೆ. ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಸಾರ್ವಜನಿಕರ ಆಕ್ಷೇಪಣೆ ಕೇಳಬೇಕು ಅಂತಲೂ ಇದೆ. ಆದರೆ ಆ ಸಣ್ಣ ಅಕ್ಷರದ ಪ್ರಕಟಣೆಯನ್ನು ನೀವು ಯಾವತ್ತಾದರೂ ಓದಿದ್ದೀರಾ? ನಾನು ಈ ವೃತ್ತಿಯಲ್ಲಿದ್ದೂ ಓದಿಲ್ಲ. ಹಾಗಾಗಿ ನಮ್ಮ ದಾರಿ ಏನು? ಮೊದಲು ಕಟ್ಟು, ಆಮೇಲೆ ದಂಡ ಕಟ್ಟು. ಅದಕ್ಕೊಂದು ಚಂದದ ಹೆಸರು, ಅಕ್ರಮ–ಸಕ್ರಮ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು.

ನೆರೆಯವರಿಗೆ ಮಾತಾಡೋ ಹಕ್ಕಿಲ್ಲವಾ? ಇದೆ. ಆ ಹಕ್ಕನ್ನು ಗಟ್ಟಿ ಮಾಡಿದ್ದೇ ಕನ್ನಡಿಗರು. ಉಡುಪಿಯಲ್ಲಿ ವಸತಿ ಪ್ರದೇಶದೊಳಗೆ ಸಿನಿಮಾ ಮಂದಿರಕ್ಕೆ ಪುರಸಭೆ ಅನುಮತಿ ಕೊಟ್ಟಾಗ ಅಲ್ಲಿನ ನಿವಾಸಿ ರಾಮದಾಸ ಶೆಣೈ ಸುಪ್ರೀಂ ಕೋರ್ಟಿನವರೆಗೆ ಹೋದರು. 1974ರಲ್ಲಿ ಗೆದ್ದರು. ಯೋಜನೆ ಮೀರಿ ಅನುಮತಿ ಕೊಡುವ ಅಧಿಕಾರ ಪುರಸಭೆಗಿಲ್ಲ, ಅದು ಸುತ್ತಲ ನಿವಾಸಿಗಳ ಹಕ್ಕಿನ ಪ್ರಶ್ನೆ ಅಂತ ತೀರ್ಪಾಯಿತು. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆ ಮೀಸಲಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗಲೂ ನಿವಾಸಿಗಳೇ ಕೋರ್ಟಿಗೆ ಹೋದರು. 1991ರಲ್ಲಿ ಪಾರ್ಕು ಉಳಿಯಿತು.

ಆದರೆ ಎಲ್ಲರೂ ದೆಹಲಿಗೆ ಹೋಗೋಕಾಗುತ್ತಾ? ಹೋಗದವರಿಗೆ ಜೆಸಿಬಿ ಬರುತ್ತೆ. 2016ರ ಆಗಸ್ಟ್‌ನಲ್ಲಿ ರಾಜಕಾಲುವೆ ಒತ್ತುವರಿ ಅಂತ ಮನೆಗಳನ್ನು ಕೆಡವಿದ್ದನ್ನು ನಮ್ಮ ವಾಹಿನಿಯಲ್ಲೂ ನೇರಪ್ರಸಾರ ಮಾಡಿದ್ದೆವು. ಖಾತೆ, ನಕ್ಷೆ, ಬ್ಯಾಂಕ್ ಸಾಲದ ಪತ್ರ ಕೈಯಲ್ಲಿ ಹಿಡಿದುಕೊಂಡು ಜನ ಬೀದಿಯಲ್ಲಿ ನಿಂತು ಅಳುತ್ತಿದ್ದರು. ಅವರಿಗೆ ಮುಂಚೆಯೇ ಒಬ್ಬ ಅಧಿಕಾರಿ "ಇಲ್ಲಿ ಆಗಲ್ಲ" ಅಂದಿದ್ದರೆ ಮನೆ ಆದರೂ ಬೇರೆ ಕಡೆ ಇರುತ್ತಿತ್ತು.

ಹಾಗಾದರೆ ಮೇಷ್ಟ್ರಿಗೆ ಏನು ಮಾಡಬೇಕು? ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ. ತೊಂದರೆ ಅವರು ತಂದುಕೊಂಡಿದ್ದಲ್ಲ, ಒಪ್ಪುತ್ತೇನೆ. ಆದರೂ ಅಲ್ಲಿ ಮನೆ ಕಟ್ಟೋಕೆ ವಿನಾಯಿತಿ ಕೊಡಬಾರದು. ಯಾಕಂದ್ರೆ ಅದರ ಬೆಲೆ ತೆರೋದು ಸರ್ಕಾರ ಅಲ್ಲ, ತಗ್ಗಿನ ಮನೆಯಾಕೆ. ಹಾಗಂತ ಮೇಷ್ಟ್ರನ್ನು ಬರಿಗೈಲಿ ಕಳಿಸೋದೂ ಅನ್ಯಾಯ. ರಸ್ತೆ ಅಗಲೀಕರಣಕ್ಕೆ ಜಾಗ ಬಿಟ್ಟವರಿಗೆ ಟಿಡಿಆರ್ ಕೊಡುವ ವ್ಯವಸ್ಥೆ ನಮ್ಮ ಕಾನೂನಿನಲ್ಲೇ ಇದೆ. ರಸ್ತೆಗೆ ಕೊಡೋ ಮರ್ಯಾದೆಯನ್ನು ಕೆರೆಗೂ ಕೊಡಿ. ಬದಲಿ ನಿವೇಶನ ಕೊಡಿ, ಇಲ್ಲವೇ ಬೆಲೆ ಕೊಡಿ. ಜೊತೆಗೆ ಪ್ರತಿ ಕೆರೆಯ ಗೆರೆ ಎಲ್ಲಿದೆ ಅಂತ ನೆಲದ ಮೇಲೆ ಕಲ್ಲು ನೆಡಿ. ಸೈಟು ಕೊಳ್ಳೋಕೆ ಬಂದವನಿಗೆ ಕಣ್ಣಿಗೆ ಕಾಣಲಿ.

ಕಾರ್ಯಕ್ರಮ ಮುಗಿದ ಮೇಲೆ ಇಬ್ಬರೂ ಒಂದೇ ಆಟೋದಲ್ಲಿ ಹೊರಟರು. ಹತ್ತುವ ಮುಂಚೆ ಮೇಷ್ಟ್ರು ನನ್ನ ಕೈ ಹಿಡಿದು ಹೇಳಿದರು: "ಈಗ ಲೆಕ್ಕ ಎಲ್ಲಾ ಹೇಳ್ತೀರಿ. ಸೈಟು ತಗೊಳ್ಳೋ ದಿನ ಇದನ್ನ ಒಬ್ಬರು ಹೇಳಿದ್ರೆ ಸಾಕಾಗಿತ್ತಲ್ಲ?"

ಅವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ನೀವು ಸೈಟು ನೋಡೋಕೆ ಹೊರಟಿದ್ದರೆ, ಅಡ್ವಾನ್ಸ್ ಕೊಡೋ ಮೊದಲು ಗ್ರಾಮದ ನಕ್ಷೆ ತೆಗೆಸಿ, ಕೆರೆ ಎಲ್ಲಿ, ಕಾಲುವೆ ಎಲ್ಲಿ ಅಂತ ಟೇಪು ಹಿಡಿದು ಅಳೆಯಿರಿ. ಆ ಬೀದಿಯ ತಗ್ಗಿನ ಮನೆಯವರನ್ನೂ ಒಂದು ಮಾತು ಕೇಳಿ. ನೀರು ಎಲ್ಲಿಯವರೆಗೆ ಬಂದಿತ್ತು ಅನ್ನೋದು ಅವರ ಗೋಡೆ ಮೇಲೆ ಇನ್ನೂ ಕಾಣುತ್ತೆ.